ತಿಮಿರ ಶಬ್ದದ ಅರ್ಥವಿಚಾರ

ಗುರುವಂದನೆಯಾಗಿ ಎಲ್ಲೆಡೆಯೂ ಪಠಿಸಲ್ಪಡುವ ಒಂದು ಪ್ರಸಿದ್ಧ ಶ್ಲೋಕದಲ್ಲಿ ತಿಮಿರ, ಅಂಜನ, ಶಲಾಕೆ ಎಂಬ ಮೂರು ಶಬ್ದಗಳು ಒಟ್ಟಿಗೆ ಬಂದಿವೆ. ಪಾಠ ಹೇಳುವವರು ಸಾಮಾನ್ಯವಾಗಿ ತಿಮಿರಕ್ಕೆ ‘ಕತ್ತಲೆ’ ಎಂದು ಅರ್ಥವನ್ನು ಹೇಳಿ ಮುಂದುವರಿಯುತ್ತಾರೆ. ಈ ಅರ್ಥವು ನಿರಾಧಾರವಾದುದಲ್ಲ. ಅಮರಕೋಶವು ತಿಮಿರವನ್ನು ಅಂಧಕಾರದ ಪರ್ಯಾಯಗಳಲ್ಲಿ ಎಣಿಸಿದೆ. ಸೂರ್ಯನಿಗೆ ತಿಮಿರಾರಿಯೆಂಬ ಹೆಸರೂ ಉಂಟು. ಆದರೆ ಕತ್ತಲೆಗೆ ಬೇಕಾದುದು ದೀಪವೇ ಹೊರತು ಅಂಜನವಲ್ಲ. ನಿಧಿಯನ್ನು ತೋರಿಸುವ ಸಿದ್ಧಾಂಜನದ ಕಥೆಗಳಿಲ್ಲವೆ ಎಂದು ಆಕ್ಷೇಪಿಸಬಹುದು. ಸಿದ್ಧಾಂಜನವು ನೆಟ್ಟಗಿರುವ ಕಣ್ಣಿಗೆ ಅತಿಶಯವಾದ ಶಕ್ತಿಯನ್ನು ಕೊಡತಕ್ಕದ್ದು. ಈ ಶ್ಲೋಕದ ಶಿಷ್ಯನಾದರೋ ತಿಮಿರದಿಂದ ಅಂಧನಾದವನು. ಆದುದರಿಂದ ಇಲ್ಲಿ ಪ್ರಕೃತವಾದುದು ನೇತ್ರವೈದ್ಯದ ಪಾರಿಭಾಷಿಕಾರ್ಥವೇ ಆಗಿರಬೇಕು.

ಆಯುರ್ವೇದದಲ್ಲಿ ಊರ್ಧ್ವಾಂಗಚಿಕಿತ್ಸೆಗೆ ಶಾಲಾಕ್ಯವೆಂಬ ಹೆಸರು ಬಂದುದೇ ಶಲಾಕೆಯಿಂದ. ನೇತ್ರರೋಗಗಳನ್ನು ಸುಶ್ರುತಸಂಹಿತೆಯ ಉತ್ತರತಂತ್ರವು ೭೬ ಎಂದೂ ವಾಗ್ಭಟನ ಅಷ್ಟಾಂಗಹೃದಯವು ೯೪ ಎಂದೂ ಎಣಿಸುತ್ತವೆ. ತಿಮಿರವು ಇವುಗಳಲ್ಲಿ ದೃಷ್ಟಿಗೆ ಸಂಬಂಧಪಟ್ಟುದು. ದೋಷವು ಕಣ್ಣಿನ ಪಟಲಗಳನ್ನು ಒಂದೊಂದಾಗಿ ಆಕ್ರಮಿಸಿದಂತೆ ವ್ಯಾಧಿಯು ಬಲಿಯುತ್ತದೆ. ರೋಗಿಯು ಎಷ್ಟು ಯತ್ನಿಸಿದರೂ ಸೂಜಿಯ ಕಣ್ಣನ್ನು ಕಾಣಲಾರನು. ಇಲ್ಲದ ನೊಣ, ಸೊಳ್ಳೆ, ಕೂದಲು, ಬಲೆಗಳನ್ನು ಕಾಣುವನು. ಒಂದನ್ನು ಎರಡಾಗಿಯೂ ಹಲವಾಗಿಯೂ ಕಾಣುವನು. ದೋಷವು ನಾಲ್ಕನೆಯ ಪಟಲವನ್ನು ಮುಟ್ಟಿ ದೃಷ್ಟಿಯನ್ನು ಪೂರ್ತಿಯಾಗಿ ತಡೆದಾಗ ಅದೇ ಲಿಂಗನಾಶವೆನಿಸುತ್ತದೆ. ಕಾಚವೆಂಬುದು ಸುಶ್ರುತಸಂಹಿತೆಯಲ್ಲಿ ಲಿಂಗನಾಶದ ನಾಮಾಂತರ. ವಾಗ್ಭಟನಲ್ಲಿ ಅದಕ್ಕೆ ಹಿಂದಿನ ಅವಸ್ಥೆ.

ತಿಮಿರವನ್ನು ‘ಕಣ್ಣಿನ ಪೊರೆ’ ಎಂದು ಅನುವಾದಿಸುವುದೂ ಉಂಟು. ಪೊರೆಯೆಂಬುದು ಹಾವಿನ ಪೊರೆಯಂತೆ ಮೇಲೆ ಮುಚ್ಚಿದ ತೆಳುವಾದ ಪದರವನ್ನು ನೆನಪಿಗೆ ತರುವ ಅಚ್ಚಗನ್ನಡ ಮಾತು; ಈ ಹೆಸರಿನ ರೋಗದಲ್ಲಿ ವಸ್ತುತಃ ಮಸುಕಾಗುವುದು ಕಣ್ಣಿನೊಳಗಿನ ಮಸೂರವೇ. ಪ್ರಾಚೀನರು ಯವದಂತಹ ಮೊನೆಯುಳ್ಳ ಶಲಾಕೆಯಿಂದ ಚುಚ್ಚಿ ಚಿಕಿತ್ಸೆ ಮಾಡಿದ ಕಫಜ ಲಿಂಗನಾಶವು ಈ ಪೊರೆಗೆ ಸಮೀಪವಾದುದು. ತಿಮಿರವಾದರೋ ಇದಕ್ಕಿಂತ ವ್ಯಾಪಕವಾದ ಸಂಜ್ಞೆ. ಈಗಿನ ವೈದ್ಯರು ಬೇರೆ ಬೇರೆ ಹೆಸರುಗಳಿಂದ ಕರೆಯುವ ಹಲವು ದೃಷ್ಟಿದೋಷಗಳು ಅದರಲ್ಲಿ ಅಡಕವಾಗಿವೆ. ಶ್ಲೋಕದ ಶಲಾಕೆಯೂ ಚುಚ್ಚುವ ಶಲಾಕೆಯಲ್ಲ, ಅಂಜನವನ್ನು ಹಚ್ಚುವ ಕಡ್ಡಿ. ಗುರುವನ್ನು ಶಸ್ತ್ರವೈದ್ಯನನ್ನಾಗಿ ಮಾಡುವ ವಿವರಣೆಯು ಮೂಲದಲ್ಲಿಲ್ಲದುದನ್ನು ಸೇರಿಸಿದಂತಾಗುತ್ತದೆ.

ಈ ವಿವೇಚನೆಯು ಕೇವಲ ಶಬ್ದಗಳ ಜಗಳವಲ್ಲ. ಕತ್ತಲೆಯಲ್ಲಿ ಇರುವ ವಸ್ತುವು ಕಾಣುವುದಿಲ್ಲ. ತಿಮಿರದಲ್ಲಿ ಇಲ್ಲದ ವಸ್ತುವೂ ಕಾಣುತ್ತದೆ. ಕತ್ತಲೆಯು ಹೊರಗಿನದು, ಕಣ್ಣುಳ್ಳವರೆಲ್ಲರಿಗೂ ಸಮಾನವಾದುದು. ತಿಮಿರವು ನೋಡುವವನ ಕರಣದಲ್ಲಿಯೇ ಇರುವುದರಿಂದ ಹಗಲಿನ ಬೆಳಕೂ ಅದನ್ನು ಕಳೆಯಲಾರದು. ದಾರ್ಶನಿಕರು ಈ ಭೇದವನ್ನು ಚೆನ್ನಾಗಿ ಬಲ್ಲವರು. ವಸುಬಂಧುವಿನ ವಿಂಶತಿಕೆಯ ಆರಂಭದಲ್ಲಿ ತಿಮಿರರೋಗಿಯು ಕಾಣುವ ಅಸತ್ತಾದ ಕೂದಲೇ ಮೊದಲಾದುವು ವಿಜ್ಞಾನವಾದಕ್ಕೆ ದೃಷ್ಟಾಂತವಾಗಿವೆ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ, ತಿಮಿರವು ತಗುಲಿದ ಕಣ್ಣಿಗೆ ಚಂದ್ರನು ಹಲವಾಗಿ ತೋರಿದ ಮಾತ್ರಕ್ಕೆ ಹಲವಾಗುವುದಿಲ್ಲವೆಂಬ ನಿದರ್ಶನವನ್ನು ಕೊಡುತ್ತಾರೆ. ಸಿದ್ಧಾಂತದಲ್ಲಿ ಭಿನ್ನರಾದ ಇಬ್ಬರೂ ಇದನ್ನೇ ಆರಿಸಿಕೊಂಡುದು ಗಮನಾರ್ಹವಾಗಿದೆ. ಇಂತಹ ಸ್ಥಳಗಳಲ್ಲಿ ತಿಮಿರವನ್ನು ಕತ್ತಲೆಯೆಂದು ಓದಿದರೆ ದೃಷ್ಟಾಂತವೇ ಕೆಡುತ್ತದೆ. ಅಜ್ಞಾನವು ಅರಿವಿನ ಅಭಾವಮಾತ್ರವೆಂದಾಗಿ, ಅದು ಇಲ್ಲದುದನ್ನು ತೋರಿಸುವ ದೋಷವೆಂಬ ಮುಖ್ಯಾಂಶವು ಮರೆಯಾಗುತ್ತದೆ.

ಹಾಗೆಂದು ಕಾವ್ಯದಲ್ಲಿ ಬರುವ ತಿಮಿರವೆಲ್ಲವೂ ರೋಗವೆಂದು ಸಾಧಿಸಹೊರಡುವುದು ಇನ್ನೊಂದು ಅತಿರೇಕವಾದೀತು. ಅರ್ಥನಿರ್ಣಯಕ್ಕೆ ಸಹಚರಶಬ್ದಗಳೇ ಪ್ರಮಾಣ. ಸೂರ್ಯ, ದೀಪ, ಉದಯಗಳ ಸಂಗಡ ಬಂದ ತಿಮಿರವು ಕತ್ತಲೆ. ಅಂಜನ, ಶಲಾಕೆ, ವೈದ್ಯ, ಎರಡು ಚಂದ್ರರ ಸಂಗಡ ಬಂದುದು ವ್ಯಾಧಿ. ಎರಡು ಬಗೆಯ ಪದಗಳೂ ಕೂಡಿರುವಲ್ಲಿ ಶ್ಲೇಷೆಯನ್ನು ಒಪ್ಪಬಹುದು. ಗುರುವಂದನೆಯ ಶ್ಲೋಕದಲ್ಲಿಯಾದರೋ ದೀಪದ ಸುಳಿವಿಲ್ಲ. ಅಲ್ಲಿ ಗುರುವು ಬೆಳಕನ್ನು ಹಿಡಿದು ಬಂದವನಲ್ಲ, ಬೆಳಕಿದ್ದೂ ಕಾಣದವನ ಕಣ್ಣನ್ನು ಸರಿಪಡಿಸಿದವನು. ವಿದ್ಯಾರ್ಥಿಗಳಿಗೆ ತಿಳಿಯಬೇಕಾದ ಅರ್ಥವು ಇದು.