ತೊಟ್ಟಿಯ ಮೀನು ಮತ್ತು ಶೇಕಡ 99.87

ಮುಂಗಾರು ನಾಲ್ಕು ದಿನ ಹಿಡಿದರೆ ಸಾಕು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿ ಬಿದ್ದಿರುವ ಎಳನೀರಿನ ಬುರುಡೆಗಳಲ್ಲಿ, ಒಡೆದ ಕರಟಗಳಲ್ಲಿ ನೀರು ನಿಲ್ಲುತ್ತದೆ. ಮನೆಯೊಳಗೆ ಬಚ್ಚಲ ಬಳಿ, ನಲ್ಲಿ ನೀರು ಬಂದ ದಿನ ತುಂಬಿಟ್ಟ ಸಿಮೆಂಟ್ ತೊಟ್ಟಿ ಇರುತ್ತದೆ. ಈ ಎರಡೂ ಕಡೆ ಈಡಿಸ್ ಸೊಳ್ಳೆ ಮೊಟ್ಟೆ ಇಡಬಲ್ಲದು. ಡೆಂಗಿ ಅಥವಾ ಚಿಕೂನ್‌ಗುನ್ಯ ಕಾಣಿಸಿಕೊಂಡಾಗ ಊರಿಗೆ ಹೊಗೆ ಯಂತ್ರ ಬರುತ್ತದೆ. ಬೀದಿ ತುಂಬ ಬಿಳಿ ಹೊಗೆ ಏಳುತ್ತದೆ. ಏನೋ ಒಂದು ಕೆಲಸವಾಯಿತು ಎಂದು ಎಲ್ಲರಿಗೂ ಸಮಾಧಾನವಾಗುತ್ತದೆ.

ಈ ಲೇಖಕ ಭೌತವಿಜ್ಞಾನದವನು, ಕೀಟವಿಜ್ಞಾನದವನಲ್ಲ. ಆದರೆ ಒಂದು ಅಳತೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಕೇಳುವ ಹಕ್ಕು ವಿಜ್ಞಾನದ ಯಾವ ವಿದ್ಯಾರ್ಥಿಗೂ ಇದೆ. ಆ ದೃಷ್ಟಿಯಿಂದ ಹೊಗೆ, ಬ್ಯಾಕ್ಟೀರಿಯ, ಮೀನು ಎಂಬ ಮೂರು ಉಪಾಯಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಮುಖ್ಯವಾಗಿ ನಮ್ಮ ತುಮಕೂರು ಜಿಲ್ಲೆಯಲ್ಲೇ ನಡೆದ ಒಂದು ಅಧ್ಯಯನವನ್ನು ವಿಮರ್ಶಿಸಲಾಗಿದೆ.

ಹೊಗೆಯ ಭೌತವಿಜ್ಞಾನ

ಹೊಗೆ ಯಂತ್ರದಿಂದ ಹೊರಬರುವುದು ಕೀಟನಾಶಕ ಬೆರೆತ ಎಣ್ಣೆಯ ಸೂಕ್ಷ್ಮ ಹನಿಗಳು. 10 ಮೈಕ್ರೋಮೀಟರ್ ವ್ಯಾಸದ ಹನಿಗೆ ಸ್ಟೋಕ್ಸ್ ನಿಯಮವನ್ನು ಅನ್ವಯಿಸಿ ನೋಡಿ. ಅದು ಬೀಳುವ ವೇಗ ಸೆಕೆಂಡಿಗೆ 3 ಮಿಲಿಮೀಟರಿನಷ್ಟು. ಒಂದು ಮೀಟರ್ ಇಳಿಯಲು ಐದು ನಿಮಿಷಕ್ಕೂ ಹೆಚ್ಚು ಬೇಕು. ಹನಿ ಗಾಳಿಯಲ್ಲಿ ತೇಲುತ್ತಿರಬೇಕೆಂಬುದೇ ಉದ್ದೇಶ. ಹಾರುವ ಸೊಳ್ಳೆಗೆ ಅದು ತಗಲಬೇಕು. ಆದರೆ ಬಿಸಿಲೇರಿದ ಮೇಲೆ ನೆಲ ಕಾದು ಬಿಸಿ ಗಾಳಿ ಮೇಲೇಳುತ್ತದೆ. ಅದರ ವೇಗ ಹನಿ ಇಳಿಯುವ ವೇಗದ ನೂರು ಪಟ್ಟು ಇರಬಹುದು. ಆಗ ಹೊಗೆಯೆಲ್ಲ ತೆಂಗಿನ ಗರಿಗಳ ಮೇಲಕ್ಕೆ ಹೋಗುತ್ತದೆ. ಮುಂಜಾನೆ ಅಥವಾ ಸಂಜೆ, ನೆಲದ ಬಳಿಯ ಗಾಳಿ ತಂಪಾಗಿದ್ದಾಗ ಮಾತ್ರ ಅದು ಕೆಳಗೆ ಉಳಿದೀತು.

ಉಳಿದರೂ ಎರಡು ತೊಡಕುಗಳಿವೆ. ಈಡಿಸ್ ಈಜಿಪ್ಟಿ ಹೆಚ್ಚಾಗಿ ಮನೆಯೊಳಗೆ, ಬಟ್ಟೆ ಸಾಮಾನುಗಳ ಮರೆಯಲ್ಲಿ ಕೂರುವ ಸೊಳ್ಳೆ. ಬೀದಿಯ ಹೊಗೆ ಅಲ್ಲಿಗೆ ಸರಿಯಾಗಿ ತಲುಪದು. ಎರಡನೆಯದಾಗಿ, ನೀರಿನಲ್ಲಿರುವ ಮರಿಹುಳುಗಳಿಗೆ (ಲಾರ್ವಗಳಿಗೆ) ಇದರಿಂದ ಹೆಚ್ಚಿನದೇನೂ ಆಗುವುದಿಲ್ಲ. ಇಂದು ಸತ್ತ ಸೊಳ್ಳೆಯ ಜಾಗಕ್ಕೆ ಇನ್ನು ಕೆಲವೇ ದಿನಗಳಲ್ಲಿ ತೊಟ್ಟಿಯಿಂದ ಹೊಸ ಸೊಳ್ಳೆ ಬರುತ್ತದೆ. ರೋಗ ಹಬ್ಬಿರುವಾಗ ಸೋಂಕಿತ ಸೊಳ್ಳೆಗಳನ್ನು ಬೇಗ ಕಡಿಮೆ ಮಾಡುವ ತುರ್ತು ಕ್ರಮವಾಗಿ ಹೊಗೆಗೆ ಒಂದು ಸ್ಥಾನವಿದೆ. ಅದನ್ನೇ ನಿಯಂತ್ರಣವೆಂದು ಕರೆಯುವುದು ತಪ್ಪು.

ನಿರೋಧತೆಯ ಲೆಕ್ಕ

ಸೊಳ್ಳೆ ವಿಷಕ್ಕೆ ‘ಒಗ್ಗಿಕೊಳ್ಳುತ್ತದೆ’ ಎನ್ನುವ ಮಾತನ್ನು ನಾವು ಪಾಠದಲ್ಲೂ ಬಳಸುತ್ತೇವೆ. ಅದು ಸರಿಯಲ್ಲ. ವಿಷ ತಗಲಿದ ಸೊಳ್ಳೆ ಬದಲಾಗುವುದಿಲ್ಲ, ಸಾಯುತ್ತದೆ. ಮೊದಲೇ ಬೇರೆಯಾಗಿದ್ದ ಒಂದೆರಡು ಉಳಿಯುತ್ತವೆ. 10,000 ಸೊಳ್ಳೆಗಳಿಗೆ ಒಂದು ನಿರೋಧಕ ಸೊಳ್ಳೆ ಇದೆ ಎಂದು ಭಾವಿಸೋಣ. ಪ್ರತಿ ಪೀಳಿಗೆಯಲ್ಲೂ ಸಿಂಪಡಣೆ ಉಳಿದವುಗಳಲ್ಲಿ ಶೇಕಡ 90ನ್ನು ಕೊಲ್ಲುತ್ತದೆ, ನಿರೋಧಕವನ್ನು ಕೊಲ್ಲುವುದಿಲ್ಲ ಎನ್ನೋಣ. ಆಗ ಅವುಗಳ ಅನುಪಾತ ಪೀಳಿಗೆಗೆ ಹತ್ತು ಪಟ್ಟು ಏರುತ್ತದೆ. ನಾಲ್ಕು ಪೀಳಿಗೆಗಳಲ್ಲಿ ಎರಡೂ ಸಮವಾಗುತ್ತವೆ. ತಳಿವಿಜ್ಞಾನದ ಸೂಕ್ಷ್ಮಗಳನ್ನು ಬಿಟ್ಟ ಸರಳ ಲೆಕ್ಕ ಇದು. ನಿಜವಾಗಿ ಹೆಚ್ಚು ಕಾಲ ಹಿಡಿಯುತ್ತದೆ, ಆದರೆ ದಿಕ್ಕು ಇದೇ.

ಚರಿತ್ರೆಯೂ ಇದನ್ನೇ ತೋರಿಸಿದೆ. ಡಿಡಿಟಿಯ ಕೀಟನಾಶಕ ಗುಣವನ್ನು ಪಾಲ್ ಮುಲ್ಲರ್ 1939ರಲ್ಲಿ ಕಂಡುಕೊಂಡರು, 1948ರಲ್ಲಿ ನೊಬೆಲ್ ಪಡೆದರು. ಭಾರತದಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದವು. 1965ರ ವೇಳೆಗೆ ವರದಿಯಾದ ಪ್ರಕರಣಗಳು ಒಂದು ಲಕ್ಷದ ಆಸುಪಾಸಿಗೆ ಇಳಿದವು. 1976ರಲ್ಲಿ ಅವು 64 ಲಕ್ಷವನ್ನು ದಾಟಿದವು. ಇದಕ್ಕೆ ಸೊಳ್ಳೆಯ ನಿರೋಧತೆಯೊಂದೇ ಕಾರಣವಲ್ಲ. ಆಡಳಿತದ ಸಡಿಲಿಕೆಯೂ ಸಾಮಗ್ರಿಯ ಕೊರತೆಯೂ ಸೇರಿದ್ದವು. ಆದರೆ ಹಳ್ಳಿಗಾಡಿನ ಮುಖ್ಯ ಮಲೇರಿಯ ವಾಹಕವಾದ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಡಿಡಿಟಿಗೆ, ಅನಂತರ ಎಚ್‌ಸಿಎಚ್‌ಗೆ, ಹಲವೆಡೆ ಮೆಲಾಥಿಯಾನ್‌ಗೂ ಜಗ್ಗದಂತಾದದ್ದು ನಿಜ.

ಜೈವಿಕವಾದರೂ ಸೂತ್ರ ಒಂದೇ

‘ಜೈವಿಕ’ ಎಂದ ಮಾತ್ರಕ್ಕೆ ನಿರೋಧತೆ ಬಾರದೆಂಬ ನಂಬಿಕೆಯೂ ಇದೆ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ (ಬಿಟಿಐ) ಎಂಬ ಬ್ಯಾಕ್ಟೀರಿಯ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ದೊರೆಯಿತು. ಅದರ ಪ್ರೋಟೀನ್ ಹರಳುಗಳನ್ನು ಮರಿಹುಳು ತಿಂದಾಗ, ಅದರ ಕರುಳಿನ ಕ್ಷಾರದಲ್ಲಿ ಹರಳು ಕರಗಿ ವಿಷ ಬಿಡುಗಡೆಯಾಗುತ್ತದೆ, ಕರುಳಿನ ಗೋಡೆ ಒಡೆಯುತ್ತದೆ. ಹರಳಿನಲ್ಲಿರುವ ಮುಖ್ಯ ವಿಷಗಳು ನಾಲ್ಕು. 1997ರಲ್ಲಿ ಜಾರ್ಜಿಯೋ ಮತ್ತು ವಿರ್ತ್ ಪ್ರಕಟಿಸಿದ ಪ್ರಯೋಗದಲ್ಲಿ ಕ್ಯೂಲೆಕ್ಸ್ ಮರಿಹುಳುಗಳಿಗೆ 28 ಪೀಳಿಗೆಗಳವರೆಗೆ ಈ ವಿಷಗಳನ್ನು ಉಣಿಸಲಾಯಿತು. ಒಂದೇ ವಿಷ ಕೊಟ್ಟಾಗ ನಿರೋಧತೆ 900 ಪಟ್ಟಿಗೂ ಮೇಲೇರಿತು. ನಾಲ್ಕನ್ನೂ ಒಟ್ಟಿಗೆ ಕೊಟ್ಟಾಗ ಏರಿದ್ದು ಸುಮಾರು 3 ಪಟ್ಟು ಮಾತ್ರ.

ಇನ್ನೊಂದು ಬ್ಯಾಕ್ಟೀರಿಯವಾದ ಬ್ಯಾಸಿಲಸ್ ಸ್ಫೇರಿಕಸ್‌ನಲ್ಲಿ ಎರಡು ಭಾಗ ಸೇರಿ ಕೆಲಸ ಮಾಡುವ ಒಂದೇ ಜೋಡಿ ವಿಷವಿದೆ. ಅದನ್ನು ಸಿಂಪಡಿಸುತ್ತ ಬಂದ ಕೊಚ್ಚಿಯಲ್ಲಿ ಕ್ಯೂಲೆಕ್ಸ್ ಸೊಳ್ಳೆಗಳು ನೂರು ಪಟ್ಟಿಗೂ ಮಿಕ್ಕಿದ ನಿರೋಧತೆ ತೋರಿದುದು 1995ರಲ್ಲಿ ವರದಿಯಾಯಿತು. ಅಂದರೆ ರಾಸಾಯನಿಕವೇ ಜೈವಿಕವೇ ಎಂಬುದು ಮುಖ್ಯವಲ್ಲ. ಸೊಳ್ಳೆ ಒಂದು ಬಾಗಿಲನ್ನು ಮುಚ್ಚಿದರೆ ಸಾಕೇ, ನಾಲ್ಕನ್ನೂ ಒಮ್ಮೆಗೇ ಮುಚ್ಚಬೇಕೇ ಎಂಬುದು ಮುಖ್ಯ. ಬಿಟಿಐಗೂ ಮಿತಿಗಳಿವೆ. ಹರಳುಗಳು ತಳಕ್ಕಿಳಿಯುತ್ತವೆ, ಬಿಸಿಲಿಗೆ ಕೆಡುತ್ತವೆ, ಆಹಾರ ತಿನ್ನದ ಕೋಶಾವಸ್ಥೆಯ ಮೇಲೆ ಕೆಲಸ ಮಾಡುವುದಿಲ್ಲ. ಒಂದೆರಡು ವಾರಗಳಿಗೊಮ್ಮೆ ಮತ್ತೆ ಹಾಕಬೇಕು.

ಮೀನಿನ ಅಧ್ಯಯನ

ಮೈಸೂರು ಸೀಮೆಗೆ ಮೀನು ಹೊಸದಲ್ಲ. ಗ್ಯಾಂಬೂಸಿಯ ಮೀನನ್ನು ಡಾ. ಬಿ.ಎ. ರಾವ್ ಅವರು 1928ರ ಸುಮಾರಿಗೆ ಇಟಲಿಯಿಂದ ತರಿಸಿದರು. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯ ಪ್ರಕರಣಗಳು ವರದಿಯಾದವು. ಆ ವರ್ಷ ಎಸ್.ಕೆ. ಘೋಷ್ ಮತ್ತು ಸಂಗಡಿಗರು ತುಮಕೂರು ಜಿಲ್ಲೆಯ ದೊಮ್ಮತಮರಿ, ಶ್ರೀನಿವಾಸಪುರಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ಗಪ್ಪಿ ಮೀನನ್ನೂ, ಕೋಲಾರ ಜಿಲ್ಲೆಯ ಬಲಮಂದೆಯಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ಗ್ಯಾಂಬೂಸಿಯವನ್ನೂ ಮನೆಯೊಳಗಿನ ಸಿಮೆಂಟ್ ತೊಟ್ಟಿಗಳಿಗೆ ಬಿಟ್ಟರು. ದೊಮ್ಮತಮರಿ, ಬಲಮಂದೆಗಳಲ್ಲಿ ಜನರಿಗೆ ತಿಳಿವಳಿಕೆ ನೀಡುವ ಕಾರ್ಯಕ್ರಮವೂ ಇತ್ತು, ಶ್ರೀನಿವಾಸಪುರದಲ್ಲಿ ಇರಲಿಲ್ಲ. ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಅದರಲ್ಲಿ ಎಲ್ಲರ ಕಣ್ಣು ಸೆಳೆಯುವ ಅಂಕಿ ಒಂದಿದೆ. ಮೀನು ಬಿಟ್ಟ ನಂತರ ದೊಮ್ಮತಮರಿಯಲ್ಲಿ ಚಿಕೂನ್‌ಗುನ್ಯ ಪ್ರಕರಣಗಳು ಶೇಕಡ 99.87 ಇಳಿದವು. ಶ್ರೀನಿವಾಸಪುರದಲ್ಲಿ ಇಳಿಕೆ ಶೇಕಡ 65.48, ಬಲಮಂದೆಯಲ್ಲಿ 68.51.

ಮೊದಲ ಅಂಕಿಯನ್ನು ಬಿಡಿಸಿ ನೋಡೋಣ. ಉಳಿದದ್ದು ಶೇಕಡ 0.13, ಅಂದರೆ ಸುಮಾರು 770ಕ್ಕೆ ಒಂದು. ಇದು ಪ್ರಕರಣಗಳ ನೇರ ಎಣಿಕೆಯಾದರೆ, ಕೊನೆಯಲ್ಲಿ ಒಬ್ಬರೇ ರೋಗಿ ಉಳಿದಿದ್ದರೂ ಮೊದಲು 740ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಮಲಗಿರಬೇಕು. ಒಂದು ಹಳ್ಳಿಯಲ್ಲಿ ಅಷ್ಟು ಜನರಿಗೆ ಬಂದುಹೋದ ಮೇಲೆ ಸೋಂಕು ತಗಲಲು ಇನ್ನೆಷ್ಟು ಮಂದಿ ಉಳಿದಿದ್ದರು? ಚಿಕೂನ್‌ಗುನ್ಯ ಒಮ್ಮೆ ಬಂದವರಿಗೆ ದೀರ್ಘಕಾಲದ ರೋಗನಿರೋಧಕ ಶಕ್ತಿ ಉಂಟಾಗುತ್ತದೆ. ಸಾಂಕ್ರಾಮಿಕ ರೋಗದ ರೇಖೆ ಏರಿದಂತೆಯೇ ತಾನಾಗಿ ಇಳಿಯುತ್ತದೆ. ಇಳಿಜಾರಿನ ಆರಂಭದಲ್ಲಿ ಮೀನು ಬಿಟ್ಟರೂ ಇಳಿಯುತ್ತದೆ, ಏನೂ ಮಾಡದಿದ್ದರೂ ಇಳಿಯುತ್ತದೆ. ಇವೆರಡನ್ನು ಬೇರ್ಪಡಿಸಲು ಅದೇ ತಿಂಗಳಲ್ಲಿ, ಅದೇ ಸೀಮೆಯಲ್ಲಿ, ಮೀನೂ ತಿಳಿವಳಿಕೆಯೂ ಇಲ್ಲದ ಹೋಲಿಕೆಯ ಹಳ್ಳಿಯೊಂದು ಬೇಕಿತ್ತು. ಮೂರು ಹಳ್ಳಿಗಳಲ್ಲಿ ಅಂಥದೊಂದೂ ಇಲ್ಲ. ಆದ್ದರಿಂದ 99.87ನ್ನು ಮೀನಿನ ಸಾಧನೆಯೆಂದು ಬರೆಯಲಾಗದು.

ಗಪ್ಪಿ, ಗ್ಯಾಂಬೂಸಿಯಗಳ ಹೋಲಿಕೆಗೂ ಇದೇ ತೊಡಕು. ತೊಟ್ಟಿಯಲ್ಲಿ ಬದುಕುಳಿದ ಗಪ್ಪಿ ಶೇಕಡ 86.04, ಗ್ಯಾಂಬೂಸಿಯ 16.03. ಅಂತರ ದೊಡ್ಡದು. ಆದರೆ ಮೀನಿನ ಜಾತಿಯ ಜೊತೆಗೆ ಜಿಲ್ಲೆಯೂ ಋತುವೂ ಬದಲಾಗಿವೆ. ಪ್ರಯೋಗಶಾಲೆಯಲ್ಲಿ ಎರಡು ಚರಗಳನ್ನು ಒಟ್ಟಿಗೆ ಬದಲಿಸಿದ ವಿದ್ಯಾರ್ಥಿಗೆ ನಾವು ಏನು ಹೇಳುತ್ತೇವೋ ಅದನ್ನೇ ಇಲ್ಲೂ ಹೇಳಬೇಕು. ಗಪ್ಪಿಯೇ ಗಟ್ಟಿ ಮೀನು ಎಂಬುದು ಸಂಭವನೀಯ, ಸಿದ್ಧವಾದದ್ದಲ್ಲ.

ಹಾಗಾದರೆ ಅಧ್ಯಯನ ವ್ಯರ್ಥವೇ? ಖಂಡಿತ ಅಲ್ಲ. ಕಣ್ಣು ಸೆಳೆಯದ ಅಂಕಿಗಳಲ್ಲೇ ಅದರ ನಿಜವಾದ ಬೆಲೆಯಿದೆ. ಆರಂಭದಲ್ಲಿ ಜ್ವರಕ್ಕೂ ಸೊಳ್ಳೆಗೂ ಸಂಬಂಧವಿದೆಯೆಂದು ತಿಳಿದಿದ್ದವರು ಶೇಕಡ 18 ಮಾತ್ರ. ಕಾರ್ಯಕ್ರಮದ ನಂತರ ಹೆಚ್ಚುಕಡಿಮೆ ಎಲ್ಲರಿಗೂ ತಿಳಿಯಿತು. ಆದರೂ ದೊಮ್ಮತಮರಿಯಲ್ಲಿ ತಿಳಿವಳಿಕೆಯೊಂದರಿಂದಲೇ ಮರಿಹುಳು ಗಣನೀಯವಾಗಿ ಕಡಿಮೆಯಾಗಲಿಲ್ಲ. ಮೀನು ಬಿಟ್ಟ ಒಂದು ವಾರಕ್ಕೆ ಮೂರೂ ಹಳ್ಳಿಗಳಲ್ಲಿ ಪರಿಣಾಮ ಕಂಡಿತು. ಒಂದು ತಿಂಗಳಾದಾಗ ಅದು ಚೆನ್ನಾಗಿ ಉಳಿದದ್ದು ಗಪ್ಪಿ ಮತ್ತು ತಿಳಿವಳಿಕೆ ಎರಡೂ ಇದ್ದ ದೊಮ್ಮತಮರಿಯಲ್ಲಿ. ತಮ್ಮ ಕಾರ್ಯಕ್ರಮದ ಒಂದು ಭಾಗ ಫಲಿಸಲಿಲ್ಲವೆಂದು ಲೇಖಕರು ಮುಚ್ಚಿಡದೆ ಬರೆದಿದ್ದಾರೆ. ಅದು ಮೆಚ್ಚತಕ್ಕದ್ದು.

ಇದರಿಂದ ಶಿಕ್ಷಕರಾದ ನಾವು ಕಲಿಯಬೇಕಾದದ್ದು ಇದೆ. ಗೊತ್ತಿರುವುದು ಬೇರೆ, ಮಾಡುವುದು ಬೇರೆ. ಭಾಷಣ ಕೇಳಿದ ಮನೆಯವರ ಕೈಗೆ ಮಾಡಲು ಒಂದು ಕೆಲಸ ಕೊಡದಿದ್ದರೆ ಭಾಷಣ ಅಲ್ಲೇ ನಿಲ್ಲುತ್ತದೆ. ಏಕೆಂದು ಹೇಳದೆ ಮೀನು ಕೊಟ್ಟರೆ ಮುಂದಿನ ಬಾರಿ ತೊಟ್ಟಿ ತೊಳೆಯುವಾಗ ಅದು ಬಚ್ಚಲು ಸೇರಿದರೆ ಆಶ್ಚರ್ಯವಿಲ್ಲ.

ತೆಂಗಿನ ಸೀಮೆಗೆ ಅನ್ವಯ

ಅಧ್ಯಯನದಲ್ಲಿ ಈಡಿಸ್ ಸೊಳ್ಳೆ ಹೆಚ್ಚಾಗಿ ಹುಟ್ಟುತ್ತಿದ್ದುದು ಮನೆಯೊಳಗಿನ ಸಿಮೆಂಟ್ ತೊಟ್ಟಿಗಳಲ್ಲಿ, ಶೇಕಡ 86.9. ಈ ಅಂಕಿಯನ್ನು ಹಾಗೆಯೇ ತಿಪಟೂರಿಗೆ ತರಬಹುದೇ? ತುಮಕೂರು ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಕೆಲಸ ನಡೆದದ್ದು ಬೇಸಗೆಯಲ್ಲಿ. ಹೊರಗೆ ನೀರು ನಿಲ್ಲುವ ಕಾಲವೇ ಅದಲ್ಲ. ನಮ್ಮಲ್ಲಿ ಮಳೆಗಾಲದ ತೋಟದಲ್ಲಿ ಬುರುಡೆ, ಕರಟಗಳ ಪಾಲು ಎಷ್ಟಿದ್ದೀತೆಂದು ಎಣಿಸಿಯೇ ತಿಳಿಯಬೇಕು. ಅದು ಬೆಳಕಿನ ವೇಗದಂಥ ಸ್ಥಿರಾಂಕವಲ್ಲ, ಊರಿಗೂ ಋತುವಿಗೂ ತಕ್ಕಂತೆ ಬದಲಾಗುವ ಅಳತೆ.

ಕರಟಕ್ಕೆ ಮೀನು ಬಿಡಲಾಗದು, ಸಾವಿರಾರು ಕರಟಗಳಿಗೆ ಬಿಟಿಐ ಹಾಕುತ್ತ ಹೋಗಲೂ ಆಗದು. ಬುರುಡೆಯನ್ನು ಸೀಳಿ ಒಣಗಿಸುವುದು, ಕರಟವನ್ನು ಬೋರಲು ಹಾಕುವುದು ಅಥವಾ ಸೂರಿನಡಿ ಸೇರಿಸುವುದು, ಇಷ್ಟೇ ಅದರ ಔಷಧ. ಇದಕ್ಕೆ ಯಾವ ಸೊಳ್ಳೆಯೂ ನಿರೋಧತೆ ಬೆಳೆಸಿಕೊಳ್ಳಲಾರದು. ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಗೋಡೆ ಉಜ್ಜಬೇಕು. ಈಡಿಸ್ ಮೊಟ್ಟೆಗಳು ಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಅಥವಾ ಬಿಟಿಐ ಸರಿ. ಆದರೆ ತೊಟ್ಟಿಯ ಮೀನು ಕೆರೆ ಸೇರಬಾರದು. ಗ್ಯಾಂಬೂಸಿಯವಂತೂ ಸ್ಥಳೀಯ ಮೀನುಗಳಿಗೂ ಕಪ್ಪೆಯ ಮರಿಗಳಿಗೂ ಕಂಟಕವೆಂದು ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ.

ಪ್ರೌಢಶಾಲೆಯ ವಿಜ್ಞಾನ ಸಂಘವೊಂದು ಈ ಎಣಿಕೆಯನ್ನು ಮಾಡಬಹುದು. ಊರಿನ 100 ಮನೆಗಳಲ್ಲಿ ಮರಿಹುಳು ಕಂಡ ಪಾತ್ರೆಗಳ ಸಂಖ್ಯೆಯೇ ಬ್ರೆಟೋ ಸೂಚ್ಯಂಕ. ತೊಟ್ಟಿ, ಡ್ರಮ್, ಬುರುಡೆ, ಕರಟ, ಟೈರುಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಏಪ್ರಿಲ್‌ನಲ್ಲೊಮ್ಮೆ, ಜುಲೈನಲ್ಲೊಮ್ಮೆ ಎಣಿಸಿ. ಪಕ್ಕದ ಊರಿನ ಶಾಲೆ ಅದೇ ವಾರ ಎಣಿಸಲಿ. ಒಂದು ಊರಿನಲ್ಲಿ ಮೊದಲು ಕ್ರಮ ಕೈಗೊಂಡು, ಇನ್ನೊಂದರಲ್ಲಿ ಒಂದು ತಿಂಗಳ ನಂತರ ಕೈಗೊಳ್ಳಿ. 2006ರ ಅಧ್ಯಯನದಲ್ಲಿ ಇಲ್ಲದಿದ್ದ ಹೋಲಿಕೆ ಆಗ ದೊರೆಯುತ್ತದೆ. ಮುಂದಿನ ಮಳೆಗಾಲದಲ್ಲಿ ಹೊಗೆ ಯಂತ್ರ ಬೀದಿಗೆ ಬಂದಾಗ ‘ಯಾವ ಪಾತ್ರೆಯಿಂದ ಬಂದ ಸೊಳ್ಳೆಗೆ ಇದು?’ ಎಂದು ಕೇಳಲು ಆ ಮಕ್ಕಳ ಕೈಯಲ್ಲಿ ಅಂಕಿಗಳಿರುತ್ತವೆ.