ಪೂರಕಾಹಾರದ ಭಾಷೆ: ಪ್ರಾಸ್ಟೇಟ್ ಗ್ರಂಥಿಯನ್ನು ಕುರಿತ ಬರಹಗಳ ವಿಮರ್ಶೆ

ವಿಮರ್ಶೆಯು ಕಾವ್ಯನಾಟಕಗಳಿಗೆ ಮಾತ್ರ ಮೀಸಲಾದುದೆಂದು ನಾವು ಭಾವಿಸುವುದಿಲ್ಲ. ಓದುವವನ ದೇಹಸ್ಥಿತಿಯ ಮೇಲೆ ನೇರವಾಗಿ ಪರಿಣಾಮ ಮಾಡುವ ಗದ್ಯವೂ ವಿಮರ್ಶೆಗೆ ಒಳಪಡತಕ್ಕದ್ದು. ಪೂರಕಾಹಾರದ ಡಬ್ಬಿಯ ಮೇಲಣ ಒಕ್ಕಣೆ, ಕರಪತ್ರ, ಜಾಹೀರಾತು ಇವೆಲ್ಲವೂ ಇಂದು ಮಂಡ್ಯ, ಮದ್ದೂರು, ಮಳವಳ್ಳಿಗಳಂತಹ ಊರುಗಳಲ್ಲಿ ವಯಸ್ಸಾದ ಗಂಡಸರ ಕೈಗೆ ಬರುವ ಗದ್ಯ. ಅದರಲ್ಲಿ ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ಭಾಗವನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇವೆ.

ಈ ಗ್ರಂಥಿಯು ಮೂತ್ರಾಶಯದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿದೆ. ವಯಸ್ಸಾದಂತೆ ಅದು ಬೆಳೆದು ನಾಳವನ್ನು ಒತ್ತುವುದುಂಟು. ೬೦ ವರ್ಷದ ವೇಳೆಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಕಾಣಬರುವ ಈ ಬೆಳವಣಿಗೆ ಕ್ಯಾನ್ಸರಲ್ಲ. ಕ್ಯಾನ್ಸರು ಬೇರೆಯೇ ಒಂದು ವ್ಯಾಧಿ. ಮೊದಲ ಹಂತದಲ್ಲಿ ಅದು ಬಹುಮಟ್ಟಿಗೆ ಯಾವ ಲಕ್ಷಣವನ್ನೂ ತೋರಿಸದು. ‘ಪ್ರಾಸ್ಟೇಟ್ ಆರೋಗ್ಯ’ ಎಂಬ ಸಮಾಸವು ಈ ಎರಡನ್ನೂ ತನ್ನೊಳಗೆ ಅಡಗಿಸಿಕೊಂಡಿದೆ. ಕೆಲವೆಡೆ ‘ಪುರುಷಶಕ್ತಿ’ಯೂ ಅದರೊಡನೆ ಸೇರಿಕೊಳ್ಳುತ್ತದೆ. ಈ ಗದ್ಯದ ಮೂಲದೋಷ ಇದೇ ಎಂಬುದು ನಮ್ಮ ಅಭಿಪ್ರಾಯ: ಬೇರೆ ಬೇರೆಯಾಗಿ ಹೇಳಬೇಕಾದುದನ್ನು ಒಂದೇ ಮಾತಿನಲ್ಲಿ ಹೇಳಿ, ಓದುಗನು ತನ್ನ ಭಯಕ್ಕೆ ತಕ್ಕ ಅರ್ಥವನ್ನು ತಾನೇ ತುಂಬಿಕೊಳ್ಳುವಂತೆ ಮಾಡುವುದು.

ಈ ಅಸ್ಪಷ್ಟತೆಗೆ ಕಾನೂನಿನಲ್ಲಿಯೂ ಒಂದು ಕಾರಣವಿದೆ. ೧೯೫೪ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯು ತನ್ನ ಅನುಸೂಚಿಯಲ್ಲಿ ಹೆಸರಿಸಿದ ರೋಗಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. ಆ ಪಟ್ಟಿಯಲ್ಲಿ ಕ್ಯಾನ್ಸರೂ ಇದೆ, ಪ್ರಾಸ್ಟೇಟ್ ಗ್ರಂಥಿಯ ವ್ಯಾಧಿಗಳೂ ಇವೆ. ೨೦೦೬ರ ಆಹಾರ ಸುರಕ್ಷತಾ ಕಾಯ್ದೆಯು ಪೂರಕಾಹಾರವನ್ನು ಆಹಾರದ ವರ್ಗಕ್ಕೆ ಸೇರಿಸಿತು. ೨೦೧೬ರ ನಿಯಮಗಳ ಪ್ರಕಾರ, ಅದು ಔಷಧವಾಗಿ ಬಳಸತಕ್ಕದ್ದಲ್ಲವೆಂಬ ಸೂಚನೆ ಡಬ್ಬಿಯ ಮೇಲೆ ಇರಬೇಕು. ಆದಕಾರಣ ‘ಗುಣಪಡಿಸುತ್ತದೆ’ ಎಂಬ ಕ್ರಿಯಾಪದವು ಹಿಂದೆ ಸರಿದು, ಅದರ ಸ್ಥಾನದಲ್ಲಿ ‘ಪೋಷಿಸುತ್ತದೆ’, ‘ಬೆಂಬಲಿಸುತ್ತದೆ’, ‘ನೆರವಾಗುತ್ತದೆ’ ಎಂಬುವು ಬಂದಿವೆ. ‘ಗುಣಪಡಿಸುತ್ತದೆ’ ಎಂದವನನ್ನು ಗುಣವಾಯಿತೇ ಎಂದು ಕೇಳಬಹುದು. ‘ಬೆಂಬಲಿಸುತ್ತದೆ’ ಎಂಬುದಕ್ಕೆ ಅವಧಿಯಿಲ್ಲ, ಅಳತೆಯಿಲ್ಲ. ಅದರಿಂದ ಸೋಲೂ ಇಲ್ಲ.

ಅಳತೆಗೆ ಒಳಪಟ್ಟಾಗ ಏನಾಯಿತೆಂಬುದನ್ನು ನೋಡೋಣ. ಫಿನ್ಲೆಂಡಿನಲ್ಲಿ ೨೯,೧೩೩ ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ, ವಿಟಮಿನ್ ಇ ಸೇವಿಸಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರು ಶೇಕಡ ೩೨ರಷ್ಟು ಕಡಿಮೆಯೆಂದು ೧೯೯೮ರಲ್ಲಿ ವರದಿಯಾಯಿತು. ಆದರೆ ಆ ಪ್ರಯೋಗವು ಮುಖ್ಯವಾಗಿ ಶ್ವಾಸಕೋಶದ ಕ್ಯಾನ್ಸರನ್ನು ಕುರಿತದ್ದು. ಪ್ರಾಸ್ಟೇಟನ್ನೇ ಗುರಿಯಾಗಿಟ್ಟುಕೊಂಡು ಉತ್ತರ ಅಮೆರಿಕದಲ್ಲಿ ೨೦೦೧ರಲ್ಲಿ ಇನ್ನೊಂದು ಪ್ರಯೋಗ ಆರಂಭವಾಯಿತು. ೩೫,೫೩೩ ಮಂದಿಯನ್ನು ವಿಟಮಿನ್ ಇ, ಸೆಲೆನಿಯಂ, ಎರಡೂ, ಅಥವಾ ಹುಸಿಗುಳಿಗೆ ಸೇವಿಸುವ ನಾಲ್ಕು ಪಂಗಡಗಳಾಗಿ ವಿಂಗಡಿಸಲಾಗಿತ್ತು. ಪ್ರಯೋಜನ ಕಾಣದೆ ೨೦೦೮ರಲ್ಲಿ ಗುಳಿಗೆಗಳನ್ನು ನಿಲ್ಲಿಸಲಾಯಿತು. ೨೦೧೧ರ ವರದಿಯಂತೆ, ದಿನಕ್ಕೆ ೪೦೦ ಯೂನಿಟ್ ವಿಟಮಿನ್ ಇ ಮಾತ್ರ ಪಡೆದವರಲ್ಲಿ ಹುಸಿಗುಳಿಗೆಯವರಿಗಿಂತ ಶೇಕಡ ೧೭ರಷ್ಟು ಹೆಚ್ಚು ಕ್ಯಾನ್ಸರು ಕಂಡುಬಂದಿತು. ಮೊದಲ ವರದಿಯನ್ನು ಹೇಳಿ ಎರಡನೆಯದನ್ನು ಬಿಡುವ ಬರಹದಲ್ಲಿ ಒಂದು ವಾಕ್ಯವೂ ಸುಳ್ಳಿರಬೇಕಾಗಿಲ್ಲ. ಆದರೂ ಆ ಬರಹವು ಸತ್ಯವಲ್ಲ.

ಗ್ರಂಥಿಯ ಬೆಳವಣಿಗೆಗೆಂದು ಪ್ರಸಿದ್ಧವಾದ ಸಾ ಪಾಲ್ಮೆಟೊ ಎಂಬ ಅಮೆರಿಕದ ಕುಳ್ಳುತಾಳೆಯ ಹಣ್ಣಿನ ಸಾರದ ಕಥೆಯೂ ಹೀಗೆಯೇ. ೨೦೦೬ರಲ್ಲಿ ಪ್ರಕಟವಾದ ೨೨೫ ಮಂದಿಯ ಪ್ರಯೋಗದಲ್ಲಿಯೂ, ೨೦೧೧ರಲ್ಲಿ ಮೂರುಪಟ್ಟು ಪ್ರಮಾಣದವರೆಗೆ ಏರಿಸಿ ೩೬೯ ಮಂದಿಯಲ್ಲಿ ನೋಡಿದ ಪ್ರಯೋಗದಲ್ಲಿಯೂ ಅದು ಹುಸಿಗುಳಿಗೆಯನ್ನು ಮೀರಲಿಲ್ಲ. ಇಲ್ಲಿ ಗಮನಾರ್ಹವಾದುದೆಂದರೆ, ಹುಸಿಗುಳಿಗೆಯಿಂದಲೂ ಅನೇಕರಿಗೆ ಹಗುರವೆನಿಸಿತ್ತು. ‘ತೆಗೆದುಕೊಂಡೆ, ವಾಸಿಯಾಯಿತು’ ಎಂಬ ಪ್ರಾಮಾಣಿಕವಾದ ಮಾತು ಸಹ ಪ್ರಮಾಣವಾಗಲಾರದೆಂಬುದು ಇದರಿಂದ ವಿದಿತವಾಗುತ್ತದೆ.

ಇಂತಹ ಗದ್ಯಕ್ಕೆ ನಮ್ಮ ನೆಲದಲ್ಲಿ ಓದುಗರು ದೊರೆಯಲು ನಮ್ಮ ಸಂಕೋಚವೂ ಕಾರಣ. ಈ ಸೀಮೆಯಲ್ಲಿ ಮೂತ್ರದ ತೊಂದರೆಯನ್ನು ‘ಮೈ ಉಷ್ಣವಾಗಿದೆ’ ಎಂಬ ಮಾತಿನಲ್ಲಿ ಮುಗಿಸುವುದುಂಟು. ಉಷ್ಣಕ್ಕೆ ಎಳನೀರು, ಮದ್ದೂರಿನ ಎಳನೀರಿನ ಮಾರುಕಟ್ಟೆಯಂತೂ ಹೆಸರಾದುದು. ಎಳನೀರು ಒಳ್ಳೆಯ ಪಾನೀಯವೇ; ಆದರೆ ಒತ್ತಿಹೋದ ನಾಳವನ್ನು ಅದು ತೆರೆಯಲಾರದು. ಮೂತ್ರಕೃಚ್ಛ್ರಕ್ಕೆ ಆಯುರ್ವೇದವು ಹೇಳುವ ನೆಗ್ಗಿಲಿನ ಬಗೆಗೆ ನಮಗೆ ಅನಾದರವಿಲ್ಲ. ಬಹುಕಾಲದ ಬಳಕೆಯು ಪರೀಕ್ಷೆಗೆ ಯೋಗ್ಯತೆಯನ್ನು ತಂದುಕೊಡುತ್ತದೆ. ಪರೀಕ್ಷೆಯ ಸ್ಥಾನವನ್ನು ಮಾತ್ರ ತುಂಬದು. ಅನುಪಮಾ ನಿರಂಜನರು ‘ತಾಯಿ ಮಗು’ವಿನಂತಹ ಕೃತಿಗಳಲ್ಲಿ ಸ್ತ್ರೀಯರ ಆರೋಗ್ಯಕ್ಕೆ ತಂದುಕೊಟ್ಟ ನೇರವಾದ ಕನ್ನಡವು ಮುದುಕರ ಪಾಲಿಗೆ ಅಷ್ಟಾಗಿ ಒದಗಿಬರಲಿಲ್ಲ. ತೆರವಾದ ಆ ಸ್ಥಳದಲ್ಲಿ ಡಬ್ಬಿಯ ಒಕ್ಕಣೆಯು ಕುಳಿತಿದೆ.

ಹಣ ಪೋಲಾಗುವುದಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಗುಳಿಗೆಯನ್ನು ನಂಬಿ ಕಾಯುವ ತಿಂಗಳುಗಳಲ್ಲಿ ಮೂತ್ರವು ಪೂರ್ತಿಯಾಗಿ ಕಟ್ಟಬಹುದು, ಮೂತ್ರಪಿಂಡಗಳು ಕೆಡಬಹುದು, ಕ್ಯಾನ್ಸರು ಮೂಳೆಗೆ ಹರಡಬಹುದು. ನಾಳದ ಸ್ನಾಯುವನ್ನು ಸಡಿಲಿಸುವ, ಗ್ರಂಥಿಯನ್ನು ಕುಗ್ಗಿಸುವ, ಪರೀಕ್ಷೆಯಲ್ಲಿ ನಿಂತ ಔಷಧಗಳು ಇರುವಾಗ ಈ ಕಾಯುವಿಕೆ ಅನಗತ್ಯವಾದುದು. ಮೂತ್ರದಲ್ಲಿ ರಕ್ತ ಕಂಡವನು, ಮೂತ್ರ ಕಟ್ಟಿದವನು ಒಕ್ಕಣೆಯನ್ನು ಓದುತ್ತ ಕೂರದೆ ಆಸ್ಪತ್ರೆಗೆ ಹೋಗತಕ್ಕದ್ದು.

ಉಳಿದವರು ಓದುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಯಾವ ರೋಗಕ್ಕೆ? ಎಷ್ಟು ಮಂದಿಯಲ್ಲಿ ನೋಡಿದರು? ಎಷ್ಟು ಕಾಲ? ಯಾವುದರೊಡನೆ ಹೋಲಿಸಿದರು? ಈ ನಾಲ್ಕಕ್ಕೂ ಕನ್ನಡದಲ್ಲಿ ನೇರವಾಗಿ ಉತ್ತರ ಕೊಡುವ ಬರಹವನ್ನು ನಾವು ಉತ್ತಮ ಗದ್ಯವೆಂದು ಕರೆಯುತ್ತೇವೆ. ಅಂತಹ ಗದ್ಯವನ್ನು ಬರೆಯುವುದು ವೈದ್ಯರ ಹೊಣೆ ಮಾತ್ರವಲ್ಲ, ಭಾಷೆಯನ್ನು ಅಭ್ಯಸಿಸುವವರ ಹೊಣೆಯೂ ಹೌದು.