ವೀರಗಲ್ಲು ಮತ್ತು ಗಾಯಗೊಂಡು ಬದುಕಿದ ಯೋಧ: ಒಂದು ವಿಮರ್ಶೆ

ಕನ್ನಡ ನಾಡಿನ ಇತಿಹಾಸವನ್ನು ಬರೆದ ವಿದ್ವಾಂಸರು ವೀರಗಲ್ಲುಗಳನ್ನು ಕುರಿತು ಅಭಿಮಾನದಿಂದ ಮಾತನಾಡಿದ್ದಾರೆ. ಸಾಮಾನ್ಯ ಯೋಧನ ಹೆಸರನ್ನೂ ಕಲ್ಲಿನಲ್ಲಿ ಕಂಡರಿಸಿ ಉಳಿಸಿದ ನಾಡು ನಮ್ಮದೆಂಬ ಮಾತು ತರಗತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲವೆಂದು ನಮಗೆ ತೋರುತ್ತದೆ. ಕಾಳಗದಲ್ಲಿ ಮಡಿದವನಿಗೆ ಕಲ್ಲು ದೊರೆಯಿತು. ಗಾಯಗೊಂಡು, ಬದುಕುಳಿದು, ಊನಗೊಂಡ ಮೈಯೊಡನೆ ಊರಿಗೆ ಮರಳಿದವನಿಗೆ ಏನು ದೊರೆಯಿತು? ಈ ಪ್ರಶ್ನೆಗೆ ನಮ್ಮ ಇತಿಹಾಸ ಬೋಧನೆಯಲ್ಲಿ ತಕ್ಕ ಸ್ಥಾನವಿಲ್ಲ. ಹಳೆಯ ಗಾಯಕ್ಕೆ ಮನ್ನಣೆ ಬೇಡುತ್ತ ಇಂದಿಗೂ ನ್ಯಾಯಮಂಡಳಿಗಳ ಬಾಗಿಲಲ್ಲಿ ನಿಲ್ಲುವ ನಿವೃತ್ತ ಸೈನಿಕರಿರುವಾಗ, ಇದು ಕೇವಲ ಪುರಾತನ ವಸ್ತುಗಳ ಕುತೂಹಲವಾಗಿ ಉಳಿಯುವುದಿಲ್ಲ.

ಮೊದಲು ನಮ್ಮ ಸೀಮೆಯ ಸಾಕ್ಷ್ಯವನ್ನೇ ನೋಡೋಣ. ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿರುವ ಉದ್ಯಾವರವು ಆಳುಪರ ಕಾಲದಲ್ಲಿ ಉದಯಪುರವೆನಿಸಿತ್ತು. ಅಲ್ಲಿ ದೊರೆತ, ಸುಮಾರು 8ನೆಯ ಶತಮಾನದ ಶಾಸನಗಳನ್ನು ಹುಲ್ಟ್ಸ್ ಅವರು ಎಪಿಗ್ರಾಫಿಯಾ ಇಂಡಿಕಾದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಚಿತ್ರವಾಹನ, ರಣಸಾಗರ, ಶ್ವೇತವಾಹನ ಮೊದಲಾದ ಆಳುಪ ಅರಸರ ಒಳಜಗಳದಲ್ಲಿ ಕಾದಿ ಸ್ವರ್ಗಸ್ಥರಾದ ಭಟರ ಹೆಸರುಗಳು ಅವುಗಳಲ್ಲಿವೆ. ಮುಂದೆ ಕೆ. ವಿ. ರಮೇಶ್ ಅವರು 1970ರಲ್ಲಿಯೂ ಪಿ. ಗುರುರಾಜ ಭಟ್ಟರು 1975ರಲ್ಲಿಯೂ ಪ್ರಕಟಿಸಿದ ಗ್ರಂಥಗಳಿಂದ ತುಳುನಾಡಿನ ಚರಿತ್ರೆಗೆ ಭದ್ರವಾದ ತಳಹದಿ ದೊರೆಯಿತು. ಆಳುಪರ ಅನುಕ್ರಮವನ್ನು ನಿರ್ಣಯಿಸುವುದು ಆ ಕಾಲದ ಮುಖ್ಯ ಅಗತ್ಯವಾಗಿದ್ದುದರಿಂದ ಈ ಕಲ್ಲುಗಳು ಅರಸರ ವಂಶಾವಳಿಗೆ ಆಧಾರಗಳಾದುದು ಸಹಜ. ಆದರೆ ಆ ಕಾರ್ಯ ಬಹುಮಟ್ಟಿಗೆ ಮುಗಿದ ಮೇಲೂ ನಾವು ಅವುಗಳನ್ನು ಅದೇ ಕಣ್ಣಿನಿಂದ ಓದುತ್ತಿರುವುದು ಸರಿಯಲ್ಲ. ಪಟ್ಟಣದ ಬಾಗಿಲಲ್ಲಿ ಕೆಲವರು ಸತ್ತರೆಂದರೆ, ಅದೇ ಕಾಳಗದಲ್ಲಿ ಗಾಯಗೊಂಡು ಬದುಕಿದವರೂ ಇದ್ದಿರಲೇಬೇಕು. ಅವರನ್ನು ಕುರಿತು ಕಲ್ಲುಗಳು ಮೌನವಾಗಿವೆ. ಈ ಮೌನವೂ ಒಂದು ಸಾಕ್ಷ್ಯವೆಂದು ಪರಿಗಣಿಸುವುದು ಇತಿಹಾಸಕಾರನ ಕರ್ತವ್ಯ.

ಹಾಗಾದರೆ ಬದುಕಿದವನ ಋಣವನ್ನು ನಮ್ಮ ಹಿರಿಯರು ತಿಳಿದಿರಲಿಲ್ಲವೇ? ತಿಳಿದಿದ್ದರು. ಅನ್ನವಿತ್ತ ಒಡೆಯನಿಗೆ ಭಟನು ಸಲ್ಲಿಸಬೇಕಾದ ಋಣಕ್ಕೆ ಜೋಳದಪಾಳಿ ಎಂಬ ಹೆಸರಿದ್ದಂತೆಯೇ, ಒಡೆಯನು ಭಟನಿಗೆ ಸಲ್ಲಿಸಬೇಕಾದುದಕ್ಕೂ ಹೆಸರುಗಳಿದ್ದುವು. ಮಡಿದವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ಹೋರಾಡಿದವನ ಕತ್ತಿಯನ್ನು ತೊಳೆದು ಕೊಟ್ಟ ಉಂಬಳಿ ಬಾಳ್ಗಚ್ಚು. ಇವೆರಡರ ಅಂತರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬಾಳ್ಗಚ್ಚನ್ನು ಪಡೆಯುವವನು ಬದುಕಿರಬಹುದು. ತನ್ನ ಮನ್ನಣೆಯನ್ನು ತಾನೇ ಕಣ್ಣಾರೆ ಕಾಣಬಹುದು.

ಇದಕ್ಕೆ ಪ್ರಸಿದ್ಧ ನಿದರ್ಶನ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಇದರ ಕಾಲ ಶಕ 872, ಎಂದರೆ ಕ್ರಿ. ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಸಂದರ್ಭದಲ್ಲಿ ಗಂಗ ಬೂತುಗನ ಪಕ್ಷದಲ್ಲಿ ಕಾದಿದ ಮಣಲೇರನನ್ನು ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಮಣಲೇರನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತಾಗ ಕಲ್ಲನ್ನು ನಿಲ್ಲಿಸಲಾಯಿತು. ಅದೇ ಶಾಸನವು ಮಣಲೇರನಿಗೆ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟುದನ್ನೂ ಹೇಳುತ್ತದೆ. ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲನ್ನು ನೋಡಿದವರು ಒಂದು ವಿಚಿತ್ರವನ್ನು ಕಾಣುತ್ತಾರೆ. ಶಿಲ್ಪದಲ್ಲಿ ಇರುವುದು ನಾಯಿ ಮತ್ತು ಹಂದಿ. ಬದುಕುಳಿದ ಯೋಧನು ಅಕ್ಷರಗಳಲ್ಲಿ ಮಾತ್ರ ಇದ್ದಾನೆ. ಮಡಿದ ನಾಯಿಗೆ ಚಿತ್ರ, ಬದುಕಿದ ಭಟನಿಗೆ ಬರಹ. ಸಾವೇ ಚಿತ್ರಕ್ಕೆ ಅರ್ಹತೆಯಾಯಿತು. ಬೇಗೂರಿನ ಶಾಸನದಲ್ಲಿಯೂ ನಾಗತ್ತರನು ಮಡಿದ ಮೇಲೆ ಅವನ ಪಟ್ಟವೂ ಬೆಂಪೂರು ಹನ್ನೆರಡೂ ಇರುಗನಿಗೆ ಸಂದುವು. ಇಲ್ಲಿಯೂ ಮನ್ನಣೆಗೆ ದಾರಿಯಾದುದು ಮರಣವೇ.

ಆದರೂ ಆತಕೂರಿನ ಶಾಸನದಿಂದ ಒಂದು ಮುಖ್ಯ ತತ್ತ್ವವು ಹೊರಡುತ್ತದೆ. ಅಲ್ಲಿ ಯೋಧನು ತನ್ನ ಶೌರ್ಯವನ್ನು ರುಜುವಾತುಪಡಿಸಬೇಕಾಗಿರಲಿಲ್ಲ. ಕಂಡವನು ಒಡೆಯ, ಮೆಚ್ಚಿದವನು ಒಡೆಯ, ಕೇಳೆಂದು ಹೇಳಿದವನೂ ಒಡೆಯ. ಸಾಕ್ಷ್ಯದ ಭಾರವು ಕೊಡುವವನ ಮೇಲಿತ್ತು. ಶಾಸನವು ಕೊಡುವವನ ದನಿಯಲ್ಲಿರುವುದರಿಂದ, ಕೊಡದೆ ಹೋದ ಪ್ರಸಂಗಗಳು ಅದರಲ್ಲಿ ದಾಖಲಾಗುವುದಿಲ್ಲವೆಂಬುದನ್ನೂ ಮರೆಯಬಾರದು.

ಕೊಡದೆ ಹೋದುದರ ನೆನಪನ್ನು ತುಳುನಾಡಿನಲ್ಲಿ ಉಳಿಸಿಕೊಂಡುದು ಪಾಡ್ದನ. ಕೋಟಿ ಚೆನ್ನಯರ ಪಾಡ್ದನದಲ್ಲಿ ಪಡುಮಲೆಯ ಬಲ್ಲಾಳನ ಕಾಲಿಗೆ ಮುಳ್ಳು ನೆಟ್ಟು ಆದ ಗಾಯವನ್ನು ದೇಯಿ ಬೈದೆತಿ ಮದ್ದಿಕ್ಕಿ ವಾಸಿಮಾಡುತ್ತಾಳೆ. ಬಲ್ಲಾಳನು ಮಾತು ಕೊಡುತ್ತಾನೆ. ಆಕೆ ತೀರಿಹೋದ ಮೇಲೆ, ಬೆಳೆದುನಿಂತ ಅವಳಿ ಮಕ್ಕಳು ಆ ಮಾತನ್ನು ನೆನಪಿಸಿ ಕೇಳಿದಾಗ ಅದು ನಡೆಯುವುದಿಲ್ಲ. ಅವರು ಪಡುಮಲೆಯನ್ನು ಬಿಟ್ಟು ಕೊನೆಗೆ ಎಣ್ಮೂರನ್ನು ಸೇರಿ ಕಾಳಗದಲ್ಲಿ ಮಡಿಯುತ್ತಾರೆ. ಈ ಹಾಡು ಬರ್ನೆಲ್ ಅವರ ಸಂಗ್ರಹದ ಮೂಲಕ 1890ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚಾಯಿತು. ಪಂಜೆ ಮಂಗೇಶರಾಯರ ಕೃತಿಯಿಂದ ಕನ್ನಡಿಗರ ಮನೆಮಾತಾಯಿತು. ಪಾಡ್ದನವನ್ನು ತೇದಿಗಳ ನಿರ್ಣಯಕ್ಕೆ ಬಳಸಲಾಗದು; ಹಾಡುವವರಿಗೆ ತಕ್ಕಂತೆ ಪಾಠಗಳು ಬೇರೆಯಾಗುತ್ತವೆ. ಆದರೆ ಜನರು ಯಾವುದನ್ನು ಅನ್ಯಾಯವೆಂದು ತಿಳಿದಿದ್ದರೆಂಬುದಕ್ಕೆ ಅದು ಶಾಸನಕ್ಕಿಂತ ಒಳ್ಳೆಯ ಆಧಾರ. ಕೇಳುವವನ ದನಿ ನಮಗೆ ಕೇಳಿಸುವುದು ಇಲ್ಲಿ. ಉಡುಪಿ, ಕಾಪು, ಕಾರ್ಕಳ ಸೀಮೆಗಳ ಗರಡಿಗಳಲ್ಲಿ ಆ ವೀರರಿಗೆ ಇಂದು ನಡೆಯುವ ಆರಾಧನೆಯು, ಬದುಕಿದ್ದಾಗ ಸಲ್ಲದ ಮನ್ನಣೆ ತಡವಾಗಿ ಸಂದ ರೀತಿಯೆಂದು ಹೇಳಿದರೆ ತಪ್ಪಾಗಲಾರದು.

ಈಗ ನಮ್ಮ ಕಾಲಕ್ಕೆ ಬರೋಣ. ಸ್ವತಂತ್ರ ಭಾರತದಲ್ಲಿ ಶತ್ರುವಿನ ನೇರ ಕಾರ್ಯಾಚರಣೆಯಿಂದ ಗಾಯಗೊಂಡವರಿಗೆ ಪರಾಕ್ರಮ ಪದಕವಿದೆ, ಅಂಗವೈಕಲ್ಯದ ಪಿಂಚಣಿಯಿದೆ, ಯುದ್ಧಗಾಯಕ್ಕೆ ಪ್ರತ್ಯೇಕ ಪಿಂಚಣಿಯೂ ಇದೆ. ನಿಯಮದ ದೃಷ್ಟಿಯಿಂದ ಇದು ವೀರಗಲ್ಲಿನ ಕಾಲಕ್ಕಿಂತ ಮುಂದುವರಿದ ಸ್ಥಿತಿ. ಏಕೆಂದರೆ ಬದುಕಿದವನ ಗಾಯಕ್ಕೆ ಅದರ ಹೆಸರಿನಲ್ಲಿಯೇ ಹಕ್ಕು ದೊರೆಯಿತು. ತೊಡಕಿರುವುದು ಸಾಕ್ಷ್ಯದಲ್ಲಿ ಮತ್ತು ಕಾಲದಲ್ಲಿ. ಊನವು ಸೇವೆಯಿಂದಲೇ ಆಯಿತೆಂದು, ಇಲ್ಲವೆ ಸೇವೆಯಿಂದ ಉಲ್ಬಣಿಸಿತೆಂದು ವೈದ್ಯ ಮಂಡಳಿಯ ಮುಂದೆ ಸಿದ್ಧವಾಗಬೇಕು.

ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಇಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. 2013ರ ಧರಂವೀರ್ ಸಿಂಗ್ ಪ್ರಕರಣವು ಗಾಯದ್ದಲ್ಲ, ರೋಗದ್ದು. ಆದರೂ ಅದರ ತತ್ತ್ವ ವ್ಯಾಪಕವಾದುದು: ಸೇರುವಾಗ ದಾಖಲೆಯಲ್ಲಿ ಯಾವ ದೋಷವೂ ಇಲ್ಲದಿದ್ದರೆ ಸೈನಿಕನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಭಾರ ಸರ್ಕಾರದ್ದು, ಸಂಶಯದ ಲಾಭ ಸೈನಿಕನದು. ಆತಕೂರಿನಲ್ಲಿ ಕಂಡ ತತ್ತ್ವವೇ ಇಲ್ಲಿ ನ್ಯಾಯಶಾಸ್ತ್ರದ ಭಾಷೆಯಲ್ಲಿ ಮರಳಿ ಬಂದಿದೆ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ 1983ರಲ್ಲಿ ಸೇವೆಯಿಂದ ಬಿಡುಗಡೆಯಾದ ಸೈನಿಕನು 1999ರಲ್ಲಿ ನ್ಯಾಯಾಲಯಕ್ಕೆ ಬಂದನು. ತಿಂಗಳು ತಿಂಗಳೂ ತಪ್ಪುವ ಪಿಂಚಣಿಯು ಮುಂದುವರಿಯುವ ಅನ್ಯಾಯವಾದುದರಿಂದ ತಡವಾದರೂ ಕೇಳಬಹುದೆಂದು ನ್ಯಾಯಾಲಯ ಒಪ್ಪಿತು. ಆದರೆ ಬಾಕಿಯನ್ನು ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಮಿತಿಗೊಳಿಸಿತು. ಹಕ್ಕು ಉಳಿಯಿತು, ಕಳೆದ ವರ್ಷಗಳು ಉಳಿಯಲಿಲ್ಲ.

ಈ ಮಿತಿಗೆ ಕಾರಣವಿಲ್ಲದೆ ಇಲ್ಲ. ಹಳೆಯ ಬೇಡಿಕೆಗಳಲ್ಲಿ ಸಾಕ್ಷಿಗಳು ಅಳಿದಿರುತ್ತಾರೆ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು. ಸುಳ್ಳು ಬೇಡಿಕೆಯೂ ಬರಬಹುದು. ಈ ಆಕ್ಷೇಪಣೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಗಾಯದ ದಾಖಲೆ ಇರುವುದು ಆಸ್ಪತ್ರೆಯಲ್ಲಿ ಮತ್ತು ಪಡೆಯ ಕಚೇರಿಯಲ್ಲಿ. ಸೈನಿಕನಲ್ಲಿ ಇರುವುದು ಗಾಯ ಮಾತ್ರ. ದಾಖಲೆಯನ್ನು ಕಾಪಾಡಬೇಕಾದವರ ಲೋಪದಿಂದ ತಡವಾದಾಗ ಅದರ ನಷ್ಟವನ್ನು ಕೇಳುವವನೇ ಹೊರಬೇಕೆನ್ನುವುದು ಋಣದ ಧರ್ಮಕ್ಕೆ ಒಪ್ಪುವಂತಹದಲ್ಲ. ಪಿಂಚಣಿಯು ದಯೆಯ ದಾನವಲ್ಲವೆಂದು 1982ರ ನಕಾರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿರುವುದನ್ನು ಇಲ್ಲಿ ಸ್ಮರಿಸಬೇಕು.

ನೆರೆಯ ಸಾಂಗ್ಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರ್ ಅವರ ಜೀವನವು ಇನ್ನೊಂದು ಮುಖವನ್ನು ತೋರಿಸುತ್ತದೆ. 1965ರ ಯುದ್ಧದಲ್ಲಿ ಗುಂಡಿನ ಗಾಯಗಳಿಂದ ಊನಗೊಂಡ ಈ ಸೈನಿಕರು 1972ರಲ್ಲಿ ಹೈಡಲ್‌ಬರ್ಗ್‌ನ ಪ್ಯಾರಾಲಿಂಪಿಕ್ ಕ್ರೀಡೆಗಳ ಈಜಿನಲ್ಲಿ ಭಾರತಕ್ಕೆ ಆ ಕ್ರೀಡೆಗಳ ಮೊದಲ ಚಿನ್ನದ ಪದಕವನ್ನು ತಂದರು. ಪದ್ಮಶ್ರೀ ದೊರೆತುದು 2018ರಲ್ಲಿ. ಅರ್ಜುನ ಪ್ರಶಸ್ತಿ 2025ರಲ್ಲಿ. ಗೌರವವು ಅರ್ಹರಿಗೇ ಸಂದಿತು. ಆದರೆ ಅದು ಸಂದುದು ಗಾಯವನ್ನು ಮೀರಿ ಗೆದ್ದ ಗೆಲುವಿಗೆ. ಗೆಲುವಿನ ಕಥೆಯಿಲ್ಲದೆ, ಕುಂಟುತ್ತ ಊರಿಗೆ ಬಂದು ಗದ್ದೆಯ ಕೆಲಸವನ್ನೂ ಮಾಡಲಾರದೆ ದಿನ ಕಳೆದವನನ್ನು ನಾವು ಯಾವ ಪುಟದಲ್ಲಿ ಬರೆಯಬೇಕು?

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡುವ ಕೆಲಸವಿದೆ. ಊರಿನ ಚರಿತ್ರೆಯನ್ನು ಸಂಗ್ರಹಿಸುವಾಗ ನಾವು ದೇವಾಲಯವನ್ನೂ ಬಸದಿಯನ್ನೂ ಕಲ್ಲನ್ನೂ ಎಣಿಸುತ್ತೇವೆ. ಅವುಗಳೊಡನೆ ನಿವೃತ್ತ ಸೈನಿಕರ ಮನೆಗಳಿಗೂ ಹೋಗಿ, ಬಿಡುಗಡೆಯ ಪುಸ್ತಕ, ವೈದ್ಯ ಮಂಡಳಿಯ ಪತ್ರ, ಕಾಳಗದ ಕಾಲದ ಕಾಗದಗಳನ್ನು ಅವರ ಒಪ್ಪಿಗೆಯಿಂದ ನಕಲುಮಾಡಿ, ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆದಿಡಬೇಕು. ಇಂಥ ಬರಹ ಮುಂದಿನ ಇತಿಹಾಸಕಾರನಿಗೆ ಆಧಾರವಾಗುವುದು ಒಂದು ಲಾಭ; ಅರ್ಜಿಯೊಂದನ್ನು ಹಿಡಿದು ನಿಂತ ವೃದ್ಧನಿಗೆ ಇಂದೇ ಸಾಕ್ಷ್ಯವಾಗಬಹುದೆಂಬುದು ಅದಕ್ಕಿಂತ ದೊಡ್ಡ ಲಾಭ. ಉದ್ಯಾವರದ ಕಲ್ಲುಗಳನ್ನು ಕಂಡರಿಸಿದವರು ಸತ್ತವರ ಹೆಸರುಗಳನ್ನು ಉಳಿಸಿದರು. ಬದುಕಿರುವವರ ಹೆಸರುಗಳನ್ನು ಅವರು ಬದುಕಿರುವಾಗಲೇ ಬರೆದಿಡುವುದು ನಮ್ಮ ಪಾಲಿಗೆ ಉಳಿದಿದೆ.